ಬನ್ನಿಮಂಟಪದವರೆಗೂ ಡೊಳ್ಳು ನಿಲ್ಲಲಿಲ್ಲ

ಮೈಸೂರು ಜಂಬೂಸವಾರಿಗೆ ನಮ್ಮ ಡೊಳ್ಳಿನ ತಂಡ ಮೂರು ಸಲ ಹೋಗಿದೆ. ಮೊದಲೆರಡು ಸಲ ಅರ್ಧ ದಾರಿಗೇ ಕೈ ಸೋತಿತು. ಮೂರನೇ ಸಲ, 2022ರಲ್ಲಿ, ಅರಮನೆಯಿಂದ ಬನ್ನಿಮಂಟಪದವರೆಗಿನ ಹತ್ತಿರ ಹತ್ತಿರ ಐದು ಕಿಲೋಮೀಟರ್ ಪೂರ್ತಿ, ಪಾಳಿ ಮೇಲೆ ಬಾರಿಸಿಕೊಂಡೇ ಹೋದೆವು. "ಪಾಳಿ ಮೇಲೆ ಬಾರ್ಸಿದ್ರೆ ಅದು ಡೊಳ್ಳು ಹೆಂಗಾಗ್ತದೆ ಮಾರಾಯ" ಅಂದಿದ್ದ ಸಾಗರದ ಕಡೆಯ ಹಿರಿಯರೇ ಈಗ ಫೋನ್ ಮಾಡಿ ಹೇಗೆ ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಇಲ್ಲಿ ಬರೆದುಬಿಡುತ್ತೇನೆ.

2017ರಲ್ಲಿ ನಮ್ಮನ್ನು ಕೆಡಿಸಿದ್ದು ಚರ್ಮ. ಡೊಳ್ಳುಗಳನ್ನು ಗಾಡಿಯ ಮೇಲೆ ಕಟ್ಟಿ ಟಾರ್ಪಾಲು ಹೊದೆಸಿದ್ದೆವು. ತರೀಕೆರೆ ದಾಟುವಾಗ ಮಳೆ. ಟಾರ್ಪಾಲಿನ ಒಂದು ಮೂಲೆ ಬಿಚ್ಚಿಕೊಂಡದ್ದು ಯಾರಿಗೂ ಗೊತ್ತಾಗಲಿಲ್ಲ. ಮೈಸೂರಲ್ಲಿ ಇಳಿಸಿದಾಗ ಐದು ಡೊಳ್ಳು ಒದ್ದೆ ಗೋಣಿ ಬಡಿದ ಹಾಗೆ ಸದ್ದು ಮಾಡುತ್ತಿದ್ದವು. ಊರಲ್ಲಾದರೆ ಹುಲ್ಲಿನ ಬೆಂಕಿಗೆ ಹಿಡಿದು ಕಾಯಿಸುತ್ತೇವೆ. ಅರಮನೆ ಆವರಣದಲ್ಲಿ ಬೆಂಕಿ ಹಾಕಲು ಆಗುತ್ತದಾ? ಹಗ್ಗ ಎಷ್ಟು ಬಿಗಿದರೂ ದನಿ ಏರಲಿಲ್ಲ. ಆ ಐವರು ಮೊದಲಿಂದಲೇ ಜಾಸ್ತಿ ಜೋರಾಗಿ ಹೊಡೆದರು, ಬೇಗ ಸೋತರು.

2018ರಲ್ಲಿ ಬುದ್ಧಿ ಕಲಿತು ಡೊಳ್ಳುಗಳನ್ನು ಗಾಡಿ ಒಳಗೇ ಇಟ್ಟುಕೊಂಡು ಹೋದೆವು. ಜನರಿಗೆ ಕಾಲು ಚಾಚಲು ಜಾಗ ಇರಲಿಲ್ಲ, ಆದರೂ ಚರ್ಮ ಒಣಗಿಯೇ ಇತ್ತು. ಆದರೆ ಅರಮನೆ ಒಳಗೆ ಬಿಸಿಲಲ್ಲಿ ಮೂರು ಗಂಟೆ ಕಾಯಬೇಕಾಯಿತು. ನಂದಿಧ್ವಜ ಪೂಜೆ ಆಗದೆ ಯಾರೂ ಕದಲುವ ಹಾಗಿಲ್ಲ, ಅದರ ಮುಹೂರ್ತ ವರ್ಷ ವರ್ಷ ಬದಲಾಗುತ್ತದೆ. ಬಿಸಿಲಿಗೆ ಚರ್ಮ ಬಿಗಿದುಕೊಂಡು ಕೆ.ಆರ್. ಸರ್ಕಲ್ ದಾಟುವ ಮೊದಲೇ ಮೂರು ಡೊಳ್ಳು ಹರಿದವು. ಎರಡೂ ಮಗ್ಗುಲು ಹೊಸ ಚರ್ಮ ಹಾಕಿಸಲು ಆಗ ಒಂದಕ್ಕೆ ಸಾವಿರದ ಎಂಟುನೂರೋ ಏನೋ ಆಯಿತು. ಗಾಡಿ ಬಾಡಿಗೆ ಇಪ್ಪತ್ತನಾಲ್ಕು ಸಾವಿರ. ಗೌರವಧನ ಬಂದಮೇಲೂ ನನ್ನ ಕೈಯಿಂದ ಆರೇಳು ಸಾವಿರ ಹೋಯಿತು. ಅಡಿಕೆ ಮಾರಿದ ದುಡ್ಡು ಅದು.

2019ರಲ್ಲಿ ನಾವು ಆಯ್ಕೆ ಆಗಲಿಲ್ಲ. ಬೇಜಾರಾಗಿತ್ತು ನಿಜ. ಆದರೂ ಒಬ್ಬನೇ ಬಸ್ಸು ಹತ್ತಿ ಹೋಗಿ ನೋಡಲು ನಿಂತೆ. ಎಲ್ಲರೂ ಸಯ್ಯಾಜಿರಾವ್ ರಸ್ತೆಯಲ್ಲಿ, ದೇವರಾಜ ಮಾರ್ಕೆಟ್ಟಿನ ಎದುರು ಜಾಗ ಹಿಡಿಯುತ್ತಾರೆ. ನಾನು ಬೇಕೆಂದೇ ಮುಂದೆ ಬಂಬೂ ಬಜಾರಿಗೆ ಹೋದೆ. ಪಕ್ಕದಲ್ಲಿ ಟಿ. ನರಸೀಪುರದ ಕಡೆಯ ಒಬ್ಬರು ಅಜ್ಜಿ, ಜೊತೆಗೆ ಇಬ್ಬರು ಮೊಮ್ಮಕ್ಕಳು. ಬೆಳಿಗ್ಗೆ ಒಂಬತ್ತಕ್ಕೇ ಬಂದು ಪೇಪರ್ ಹಾಸಿಕೊಂಡು ಕೂತಿದ್ದರಂತೆ. ಡಬ್ಬಿಯಲ್ಲಿ ಪುಳಿಯೋಗರೆ. ನನಗೂ ಎಲೆಯ ಮೇಲೆ ಒಂದಿಷ್ಟು ಹಾಕಿಕೊಟ್ಟರು. ಸಾಯಂಕಾಲ ಮೆರವಣಿಗೆ ಬಂತು. ಪೂಜಾ ಕುಣಿತದವರು ತಲೆಯ ಮೇಲಿನ ಪಟ ಇಳಿಸಿ ಹೆಗಲಿಗೆ ಹಾಕಿಕೊಂಡಿದ್ದರು. ಆಮೇಲೆ ಒಂದು ಡೊಳ್ಳಿನ ತಂಡ, ಒಂದೇ ಒಂದು ಪೆಟ್ಟಿಲ್ಲ, ತಲೆ ಬಗ್ಗಿಸಿಕೊಂಡು ನಡೆಯುತ್ತಿದ್ದರು. ಅಜ್ಜಿ ನನ್ನ ಕಡೆ ತಿರುಗಿ, "ಯಾಕಪ್ಪ, ಡೊಳ್ ಹೊತ್ಕಂಡು ಸುಮ್ಕೆ ಹೋಯ್ತಾವ್ರೆ?" ಅಂದರು.

ನನಗೆ ಉತ್ತರ ಗೊತ್ತಿತ್ತು. ಹೇಳಲು ಬಾಯಿ ಬರಲಿಲ್ಲ. ಹಿಂದಿನ ವರ್ಷ ಇದೇ ಜಾಗದಲ್ಲಿ ನಾವೂ ಹೀಗೇ ಹೋಗಿದ್ದೆವು. ಅರಮನೆ ಮುಂದೆ ಕುರ್ಚಿಯಲ್ಲಿ ಕೂತವರಿಗೆ, ಟಿವಿ ಕ್ಯಾಮೆರಾಗೆ ಎಲ್ಲಾ ಶಕ್ತಿ ಸುರಿದುಬಿಡುತ್ತೇವೆ. ರಸ್ತೆ ಬದಿಯಲ್ಲಿ ದಿನವಿಡೀ ಕಾದವರಿಗೆ ಉಳಿಸುವುದು ಬರೀ ನಡಿಗೆ. ಅದು ಸರಿಯಲ್ಲ ಅಂತ ಅವತ್ತೇ ಅನ್ನಿಸಿತು.

ನಾನು ಮಾಡಿದ್ದು ಇಷ್ಟು. ತಂಡ ನಿಂತಾಗ ಹದಿನಾರು ಡೊಳ್ಳೂ ಬಾರಿಸಬೇಕು, ನಡೆಯುವಾಗ ಎಂಟು ಮಾತ್ರ. ಉಳಿದ ಎಂಟು ಜನ ಎಡಗೈಯಲ್ಲಿ ಬರೀ ಲಯ ಹಿಡಿದು ಹೆಜ್ಜೆ ಹಾಕಬೇಕು. ಸರ್ಕಲ್ಲುಗಳಲ್ಲಿ ಮೆರವಣಿಗೆ ಹೇಗೂ ನಿಲ್ಲುತ್ತದೆ, ಕುಣಿತದ ವರಸೆಯೆಲ್ಲ ಅಲ್ಲಿ. ವೇದಿಕೆಯ ಮೇಲಿನ ಹಾಗೆ ಒಬ್ಬರ ಹೆಗಲ ಮೇಲೆ ಒಬ್ಬರು ಹತ್ತಿ ನಿಲ್ಲುವುದು ಇಡೀ ದಾರಿಗೆ ಒಂದೇ ಸಲ ಸಾಕು ಅಂದೆ. ಪಾಳಿ ಬದಲಾಗುವುದು ತಾಳದವನ ಕೈಯಲ್ಲಿ. ನೋಡುವವರಿಗೆ ಬದಲಾದದ್ದೇ ತಿಳಿಯಬಾರದು. ಅದನ್ನು ಯಾವ ಪೆಟ್ಟಿನ ಮೇಲೆ ಮಾಡುತ್ತೇವೆ ಅಂತ ಮಾತ್ರ ಬರೆಯುವುದಿಲ್ಲ, ಅದಕ್ಕೆ ನಮಗೆ ಒಂದೂವರೆ ವರ್ಷ ಹಿಡಿದಿದೆ.

2020, 2021ರಲ್ಲಿ ಕೊರೋನಾ ಕಾರಣಕ್ಕೆ ಸವಾರಿ ಅರಮನೆ ಆವರಣದೊಳಗೇ ಮುಗಿಯಿತಲ್ಲ, ಆ ಸಮಯವೆಲ್ಲ ತಾಲೀಮಿಗೆ ಸಿಕ್ಕಿತು. ಸಾಗರದಿಂದ ಇಕ್ಕೇರಿ ದೇವಸ್ಥಾನಕ್ಕೆ ಸುಮಾರು ಆರು ಕಿಲೋಮೀಟರ್. ಭಾನುವಾರ ಬೆಳಿಗ್ಗೆ ಆನೆ ನಡೆಯುವ ವೇಗದಲ್ಲಿ, ನಡುನಡುವೆ ಹತ್ತು ನಿಮಿಷ ನಿಂತು ಬಾರಿಸಿಕೊಂಡು ಹೋಗುತ್ತಿದ್ದೆವು. 750 ಕೆಜಿಯ ಅಂಬಾರಿ ಹೊರುವ ಆನೆಗೆ ಮೊದಲು ಮರಳು ಮೂಟೆ ಹೊರಿಸಿ ತಾಲೀಮು ಕೊಡುತ್ತಾರಲ್ಲ, ನಾವೂ ಡೊಳ್ಳಿಗೆ ಎರಡು ಕೆಜಿ ಮರಳಿನ ಚೀಲ ಕಟ್ಟಿ ನೋಡಿದೆವು. ಭಾರವೇನೋ ಅಭ್ಯಾಸವಾಯಿತು. ಆದರೆ ಇಬ್ಬರಿಗೆ ಸೊಂಟ ಹಿಡಿದುಕೊಂಡಿತು, ಮೂರನೇ ವಾರಕ್ಕೆ ಬಿಟ್ಟೆವು. ಫೈಬರ್ ಡೊಳ್ಳು ಎರಡು ತರಿಸಿಯೂ ನೋಡಿದೆ. ಹಗುರ, ಮಳೆಗೆ ಹೆದರುವುದಿಲ್ಲ. ಆದರೆ ಆ ಸದ್ದು ಎದೆಗೆ ತಾಗುವುದಿಲ್ಲ. ಈಗ ಅವನ್ನು ಶಾಲೆ ಮಕ್ಕಳಿಗೆ ಕಲಿಸಲು ಇಟ್ಟಿದ್ದೇನೆ.

ಕೆಲಸಕ್ಕೆ ಬಂದದ್ದು ಸೊಂಟಪಟ್ಟಿ. ಕೊರಳಿಗೆ ಹಾಕುವ ಹಗ್ಗದ ಜೊತೆಗೆ ಹಳೇ ಹತ್ತಿ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಹೊಲಿಸಿ, ಡೊಳ್ಳಿನ ಭಾರ ಸೊಂಟಕ್ಕೆ ಬರುವ ಹಾಗೆ ಕಟ್ಟಿದೆವು. ಹದಿನಾರಕ್ಕೂ ಸೇರಿ ಹೊಲಿಗೆ ಕೂಲಿ ಎಂಟುನೂರು ರೂಪಾಯಿ. ಕೊರಳ ಹತ್ತಿರ ಕೆಂಪಗೆ ಬರೆ ಬೀಳುತ್ತಿದ್ದದ್ದು ನಿಂತೇಹೋಯಿತು. ಚರ್ಮ ಹರಿಯದಿರಲು, ಅರಮನೆಯಲ್ಲಿ ಕಾದು ನಿಂತಾಗ ಹಗ್ಗ ಸಡಿಲ ಬಿಟ್ಟು, ಹೊರಡುವ ಕಾಲು ಗಂಟೆ ಮೊದಲು ಬಿಗಿಯುತ್ತೇವೆ. ಡೊಳ್ಳಿನ ಮೇಲೆ ಬಿಳಿ ಪಂಚೆ ಹೊದಿಸುತ್ತೇವೆ. ಇನ್ನೊಂದು, ಹಿಂದಿನ ರಾತ್ರಿ ಚರ್ಮಕ್ಕೆ ಹಚ್ಚುವುದಿದೆ. ಅದು ನಮ್ಮ ಅಜ್ಜನಿಂದ ಬಂದದ್ದು, ಮನೆಯಲ್ಲೇ ಇರಲಿ.

2022ರಲ್ಲಿ ಒಂದು ಡೊಳ್ಳೂ ಹರಿಯಲಿಲ್ಲ. ಆಯುರ್ವೇದ ಕಾಲೇಜು ಸರ್ಕಲ್ಲಿನಲ್ಲಿ ಒಬ್ಬ ಹುಡುಗನಿಗೆ ಕಾಲು ಸೆಳೆತ ಬಂತು, ಹತ್ತು ನಿಮಿಷ ಏಳೇ ಜನ ಬಾರಿಸಿದೆವು. ಬಂಬೂ ಬಜಾರಿನಲ್ಲಿ ಮೆರವಣಿಗೆ ನಿಂತಿತು, ಹದಿನಾರೂ ಒಟ್ಟಿಗೆ ಎದ್ದವು. ಕಾಂಪೌಂಡ್ ಮೇಲೆ ಕೂತಿದ್ದ ಮಕ್ಕಳು ಗೋಡೆಯನ್ನೇ ಬಡಿಯುತ್ತಾ ನಮ್ಮ ಲಯ ಹಿಡಿದರು. ಆ ಕಡೆ ಫುಟ್‌ಪಾತಿನಲ್ಲಿ ಪೇಪರ್ ಹಾಸಿ ಕೂತಿದ್ದವರೆಲ್ಲ ಎದ್ದು ನಿಂತರು.

ಬನ್ನಿಮಂಟಪ ತಲುಪಿದಾಗ ಕತ್ತಲಾಗಿತ್ತು. ಡೊಳ್ಳು ಇಳಿಸಿ ಪಕ್ಕಕ್ಕೆ ನಿಂತೆವು. ಮೆರವಣಿಗೆಯಲ್ಲಿ ನಾವು ಮುಂದೆ, ಅಂಬಾರಿ ಹಿಂದೆ. ಹಿಂದಿನ ಸಲಗಳಲ್ಲಿ ಸುಸ್ತಾಗಿ ಸೀದಾ ಗಾಡಿ ಹತ್ತಿ ಮಲಗಿದ್ದ ಹುಡುಗರು ಅದನ್ನು ನೋಡಿಯೇ ಇರಲಿಲ್ಲ. ಅಂಬಾರಿ ಹೊತ್ತ ಆನೆ ಅಭಿಮನ್ಯು, ಜೊತೆಗೆ ನಡೆಯುವ ಎರಡು ಕುಮ್ಕಿ ಆನೆಗಳ ನಡುವೆ ನಿಧಾನವಾಗಿ ಬಂದ. ದೀಪದ ಬೆಳಕಿಗೆ ಅಂಬಾರಿ ಹೊಳೆಯಿತು. ಒಳಗೆ ಚಾಮುಂಡಿ ತಾಯಿ. ಹದಿನಾರು ಜನವೂ ಬೊಬ್ಬೆ ಎದ್ದ ಅಂಗೈ ಜೋಡಿಸಿ ಕೈ ಮುಗಿದರು.