ಜೋನಿ ಬೆಲ್ಲ ಹಾಕಿದರೆ ಹಾಲು ಒಡೆಯುತ್ತಿತ್ತು, ಸರಿಯಾದದ್ದು ಹೀಗೆ
ಶಿರಸಿ ಕಡೆಯವರಿಗೆ ಅಕ್ಕಿ ಪಾಯಸಕ್ಕೆ ಜೋನಿ ಬೆಲ್ಲವೇ (ಪಾಕದಂತೆ ಹರಿಯುವ ಬೆಲ್ಲ) ಆಗಬೇಕು, ಅಲ್ವಾ? ನಮ್ಮನೆಯಲ್ಲಿ ಕುದಿಯುವ ಹಾಲಿಗೆ ಬೆಲ್ಲ ಬಿದ್ದ ಕೂಡಲೇ ಬಿಳಿ ಚೂರು ಒಂದು ಕಡೆ, ನೀರು ಒಂದು ಕಡೆ.

ಪ್ಯಾಕೆಟ್ ಹಾಲು ಬಿಟ್ಟು ಕೊಟ್ಟಿಗೆಯ ಹಾಲು ಹಾಕಿದೆ. ಬೆಲ್ಲ ಸೋಸಿದೆ. ಉರಿ ಸಣ್ಣ ಮಾಡಿ ಬಿಡದೆ ಕೈಯಾಡಿಸಿದೆ. ಎಲ್ಲ ಸಲವೂ ಒಡೆಯಿತು.

ತಪ್ಪು ಹಾಲಿನದಲ್ಲ, ಬೆಲ್ಲದ ಹುಳಿಯದು. ಹಾಲಿನ ಪಿಎಚ್, ಅಂದರೆ ಹುಳಿಯ ಅಳತೆ, ಸುಮಾರು 6.6. ಈ ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ಅದರಲ್ಲಿ ಕೇಸೀನ್ ಎಂಬ ಪ್ರೋಟೀನ್ ಸಣ್ಣ ಸಣ್ಣ ಉಂಡೆಗಳಾಗಿ ತೇಲುತ್ತಿರುತ್ತದೆ. ಉಂಡೆಗಳ ಮೇಲಿನ ಋಣ ಚಾರ್ಜ್ ಅವು ಒಂದಕ್ಕೊಂದು ಅಂಟದಂತೆ ತಡೆಯುತ್ತದೆ. ಹುಳಿ ಸೇರಿದರೆ ಚಾರ್ಜ್ ಇಳಿದು ಉಂಡೆಗಳು ಅಂಟಿಕೊಳ್ಳುತ್ತವೆ. ಬಿಸಿ ಇಲ್ಲದ ಹಾಲು ಪಿಎಚ್ 4.6ರ ಹತ್ತಿರ ಬಂದಾಗ ಒಡೆಯುತ್ತದೆ. ಕುದಿಯುವ ಹಾಲಿಗೆ ಅಷ್ಟು ಹುಳಿಯೂ ಬೇಡ. ಮಳೆಗಾಲ ಕಳೆದ ಡಬ್ಬದ ಬೆಲ್ಲದಲ್ಲಿ ನೊರೆ ಕಂಡರೆ ಹುಳಿ ಜಾಸ್ತಿ ಎಂದೇ ಲೆಕ್ಕ.

ಈಗ ಅಕ್ಕಿಯನ್ನು ನೀರಲ್ಲೇ ಪೂರ್ತಿ ಬೇಯಿಸುತ್ತೇನೆ. ಬೆಲ್ಲ ಹಾಕಿ 5 ನಿಮಿಷ ಕುದಿಸಿ, ಹುಳಿ ಮುರಿಯಲು ಎರಡು ಬೆರಳಿಗೆ ಅಂಟುವಷ್ಟೇ ಅಡುಗೆ ಸೋಡಾ ಹಾಕುತ್ತೇನೆ. ಜಾಸ್ತಿಯಾದರೆ ಸಾಬೂನಿನ ರುಚಿ ಬರುತ್ತದೆ. ಸೋಡಾ ಬಿದ್ದ ಕೂಡಲೇ ಬುರುಬುರು ನೊರೆ ಏಳುತ್ತದೆ. ಅದು ಅಡಗಿದ ಮೇಲೆ ಒಲೆಯಿಂದ ಇಳಿಸಿ 15 ನಿಮಿಷ ಆರಲು ಬಿಡಬೇಕು. ಕಾಯಿಸಿ ಆರಿಸಿದ ಉಗುರುಬೆಚ್ಚಗಿನ ಹಾಲನ್ನು ಕೊನೆಗೆ ಸ್ವಲ್ಪ ಸ್ವಲ್ಪವೇ ಬೆರೆಸಬೇಕು. ಆಮೇಲೆ ಮತ್ತೆ ಕುದಿಸಬೇಡಿ.