ಮಕ್ಕಳ ವಾಟ್ಸಾಪ್: ಕದ್ದು ನೋಡಬೇಡಿ, ಜೊತೆಗೆ ಕೂತು ನೋಡಿ

ತೀರ್ಥಹಳ್ಳಿ, ಹೊಸನಗರದ ಒಳಹಳ್ಳಿಗಳಲ್ಲಿ ಸಿಗ್ನಲ್ ಹುಡುಕಿಕೊಂಡು ಮಕ್ಕಳು ಗುಡ್ಡ ಹತ್ತುತ್ತಾರೆ. ಮೆಸೇಜು ಬರುವ ಹೊತ್ತಿಗೆ ದೊಡ್ಡವರು ಹತ್ತಿರ ಇರುವುದಿಲ್ಲ. ಮನೆಯಲ್ಲಿ ವೈಫೈ ಇದ್ದರೆ ಫೋನ್ ಜಗಲಿಯಲ್ಲೇ ಬಳಸಲಿ, ರಾತ್ರಿ ಚಾರ್ಜಿಗೆ ಹಾಕುವುದೂ ಅಲ್ಲೇ.

ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ವಾಟ್ಸಾಪ್ ಸೆಟ್ಟಿಂಗ್ಸ್ ತೆರೆಯಿರಿ. ಪ್ರೈವೆಸಿಯೊಳಗೆ ಗ್ರೂಪ್ಸ್ ಒತ್ತಿ ‘ಎವ್ರಿಒನ್’ ಬದಲು ‘ಮೈ ಕಾಂಟ್ಯಾಕ್ಟ್ಸ್’ ಆರಿಸಿ. ಪ್ರೊಫೈಲ್ ಫೋಟೋಗೂ ಹಾಗೇ. ಕಾಲ್ಸ್‌ನಲ್ಲಿ ಅಪರಿಚಿತರ ಕರೆ ಸದ್ದಾಗದಂತೆ ಮಾಡಿ. ಆಮೇಲೆ ಲಿಂಕ್ಡ್ ಡಿವೈಸಸ್ (ಇದೇ ವಾಟ್ಸಾಪ್ ತೆರೆದಿರುವ ಬೇರೆ ಕಂಪ್ಯೂಟರ್, ಫೋನುಗಳ ಪಟ್ಟಿ) ನೋಡಿ: ಗೊತ್ತಿಲ್ಲದ ಕಂಪ್ಯೂಟರ್ ಕಂಡರೆ ಅದನ್ನು ಒತ್ತಿ ಲಾಗೌಟ್ ಮಾಡಿ.

ಅದೇ ಜಾಗದಿಂದ ಗುಟ್ಟಾಗಿ ನಿಮ್ಮ ಫೋನನ್ನು ಜೋಡಿಸಬೇಡಿ. ಪಟ್ಟಿಯಲ್ಲಿ ಅದು ಕಾಣುತ್ತದೆ. ಗೊತ್ತಾದ ದಿನ ಮಗು ಮಾತುಕತೆಯನ್ನು ಬೇರೆ ಆ್ಯಪಿಗೆ ಒಯ್ಯುತ್ತದೆ, ನಿಮ್ಮ ಹತ್ತಿರ ಹೇಳುವುದನ್ನೂ ಬಿಡುತ್ತದೆ. ಪೋಷಕರಿಗಾಗಿ ಇರುವ ಗೂಗಲ್ ಫ್ಯಾಮಿಲಿ ಲಿಂಕ್ ಆ್ಯಪ್ ಹಾಕಿದರೆ ಮಗು ಯಾವ ಆ್ಯಪ್ ಎಷ್ಟು ಹೊತ್ತು ಬಳಸಿತೆಂದು ತಿಳಿಯುತ್ತದೆ, ಮೆಸೇಜು ಕಾಣುವುದಿಲ್ಲ.

ಅಪರಿಚಿತರ ಮೆಸೇಜು ಹೀಗಿರಬಹುದು: “ಯಾವ ಸ್ಕೂಲು? ಫೋಟೋ ಕಳ್ಸು. ಅಮ್ಮಂಗೆ ಹೇಳ್ಬೇಡ.” ಈ ಕೊನೆಯ ಮಾತು ಬಂತೆಂದರೆ ತಡ ಮಾಡಬೇಡಿ. ಬೈದರೆ ಮಗು ಹೆದರಿ ಅಳಿಸಿಬಿಡುತ್ತದೆ, ಸಾಕ್ಷಿ ಹೋಗುತ್ತದೆ. ನಂಬರು, ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು ನಿಮ್ಮ ಫೋನಿನಲ್ಲೂ ಇಟ್ಟುಕೊಳ್ಳಿ. ರಿಪೋರ್ಟ್, ಬ್ಲಾಕ್ ಆಮೇಲೆ. ನಗ್ನ ಚಿತ್ರವಿದ್ದರೆ ಮಾತ್ರ ಯಾರಿಗೂ ಫಾರ್ವರ್ಡ್ ಮಾಡದೆ, ಆ ಫೋನನ್ನೇ ಪೊಲೀಸರಿಗೆ ತೋರಿಸಿ. ಮಕ್ಕಳ ಸಹಾಯವಾಣಿ 1098. ದುಡ್ಡು ಹೋಗಿದ್ದರೆ ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930.