ನೀರಿಗೆ ಮರಳಿ ಬಿಟ್ಟ ಏಡಿ ಬದುಕುವುದೇ? – ನನ್ನ ಅನುಭವ

ನಾನು ಅಘನಾಶಿನಿ ಅಳಿವೆಯಲ್ಲಿ ನಾಡದೋಣಿಯಿಂದ ಏಡಿ ಬಲೆ ಬಿಡುವವನು. ನಸುಕಿನಲ್ಲಿ ಬಲೆ ಎತ್ತಿದಾಗ ಮಾರಾಟಕ್ಕೆ ಬರುವ ಏಡಿಗಳ ಜೊತೆಗೆ ಚಿಕ್ಕ ಮರಿಗಳೂ, ಪೊರೆ ಕಳಚಿ ಇನ್ನೂ ಮೆತ್ತಗಿರುವ ಏಡಿಗಳೂ, ಹೊಟ್ಟೆಯಡಿಯಲ್ಲಿ ಮೊಟ್ಟೆಯ ಗೊಂಚಲು ಹೊತ್ತ ಹೆಣ್ಣುಗಳೂ ಸಿಗುತ್ತವೆ. ಇವನ್ನು ಮೊದಲಿನಿಂದಲೂ ನೀರಿಗೇ ಬಿಡುತ್ತಿದ್ದೆವು. ಬಿಡಿಸುವಾಗ ಕಾಲು ಮುರಿದರೆ ಜೊತೆಗಾರ ತಮ್ಮ, "ಇರಲಿ ಬಿಡಣ್ಣ, ಕಾಲು ಮತ್ತೆ ಬರ್ತದೆ" ಎನ್ನುತ್ತಿದ್ದ. ಅವನ ಮಾತು ಸುಳ್ಳಲ್ಲ, ಆದರೆ ಹೊಸ ಕಾಲು ಬರುವುದು ಮುಂದೆ ಪೊರೆ ಕಳಚುವಾಗ. ಅಲ್ಲಿಯವರೆಗೆ ಏಡಿ ಬದುಕಿರಬೇಕಲ್ಲ.

ಇದನ್ನು ಕಣ್ಣಾರೆ ನೋಡಬೇಕೆಂದು ಬಿದಿರಿನ ಬುಟ್ಟಿಯೊಂದರಲ್ಲಿ ಅಡ್ಡತಡಿಕೆ ಕಟ್ಟಿ, ಬಿಡಬೇಕಾದ ಏಡಿಗಳನ್ನು ಒಂದೊಂದಾಗಿ ಬೇರೆ ಬೇರೆ ಇರಿಸಿ, ದೋಣಿ ಕಟ್ಟುವ ಗೂಟದ ಬಳಿ ಐದು ದಿನ ಮುಳುಗಿಸಿಟ್ಟೆ. ಒಟ್ಟಿಗೆ ಇಟ್ಟರೆ ಗಾಯಗೊಂಡದ್ದನ್ನು ಉಳಿದವು ತಿಂದುಬಿಡುತ್ತವೆ. ತಾನಾಗಿ ಕಾಲು ಕಳಚಿಕೊಂಡ ಏಡಿಗಳು ಹೆಚ್ಚಾಗಿ ಉಳಿದವು, ಏಕೆಂದರೆ ಏಡಿಯ ಕಾಲಿನ ಬುಡದಲ್ಲಿ ಕಳಚಿಕೊಳ್ಳಲೆಂದೇ ಒಂದು ಗೆರೆಯಿದ್ದು, ಅಲ್ಲಿ ಬೇರ್ಪಟ್ಟರೆ ಗಾಯ ಬೇಗನೆ ಮುಚ್ಚಿಕೊಳ್ಳುತ್ತದೆ. ನಾವು ಎಳೆದು ನಡುವೆ ಮುರಿದ ಕಾಲುಗಳಿಂದ ಮಾತ್ರ ನಸುನೀಲಿ ಛಾಯೆಯ ನೀರಿನಂಥ ರಕ್ತ ಸೋರುತ್ತಲೇ ಇತ್ತು. ಅಂಥವು, ಚಿಪ್ಪು ಬಿರಿದವು ಮತ್ತು ಮೆತ್ತಗಿನವು ಬಹುಪಾಲು ಸತ್ತವು. ನನ್ನನ್ನು ಹೆಚ್ಚು ಕಾಡಿದ್ದು, ಮೈಮೇಲೆ ಒಂದು ಗಾಯವೂ ಇಲ್ಲದೆ, ದೋಣಿಯ ತಳದಲ್ಲಿ ಬಿಸಿಲಿಗೆ ಬಿದ್ದಿದ್ದ ಏಡಿಗಳು ಎರಡನೆಯ ದಿನ ಸತ್ತದ್ದು. ಏಡಿಯ ಕಿವಿರು ಒದ್ದೆಯಾಗಿರುವವರೆಗೆ ಮಾತ್ರ ಅದು ದಡದ ಮೇಲೂ ಉಸಿರಾಡಬಲ್ಲದು. ಕಿವಿರು ಒಣಗಿದ ಮೇಲೆ ನೀರಿಗೆ ಬಿಟ್ಟರೂ ಚೇತರಿಸಿಕೊಳ್ಳುವುದು ಕಷ್ಟ.

ಅಂದಿನಿಂದ ಕೆಲಸದ ಕ್ರಮವನ್ನೇ ಬದಲಿಸಿದೆ. ಬಲೆ ಎತ್ತುತ್ತಿದ್ದಂತೆ ಬಿಡಬೇಕಾದ ಏಡಿಯನ್ನೇ ಮೊದಲು ಬಿಡಿಸುತ್ತೇನೆ. ತಕ್ಷಣ ಆಗದಿದ್ದರೆ ಅಳಿವೆಯ ನೀರಿನಲ್ಲಿ ನೆನೆಸಿದ ಗೋಣಿಚೀಲ ಹೊದಿಸುತ್ತೇನೆ. ಚಿಪ್ಪಿನ ಹಿಂಬದಿಯನ್ನು ಹಿಡಿದು, ಹಿಂಗಾಲಿಗೆ ಸುತ್ತಿದ ನೂಲನ್ನು ಒಂದೊಂದೇ ಎಳೆಯಾಗಿ ಸಡಿಲಿಸುತ್ತೇನೆ. ಕೊಂಬು, ಅಂದರೆ ಇಕ್ಕಳದಂಥ ಮುಂಗಾಲು, ನೂಲನ್ನು ಕಚ್ಚಿಕೊಂಡಿದ್ದರೆ ಎಳೆಯುವುದಿಲ್ಲ, ಏಡಿಯನ್ನು ಬಲೆಸಮೇತ ನೀರಿನಲ್ಲಿ ಅದ್ದಿ ಕಾಯುತ್ತೇನೆ. ಹಿಡಿತ ತಾನಾಗಿ ಸಡಿಲವಾಗುವುದುಂಟು. ಆಗಲೂ ಬಿಡದಿದ್ದರೆ ಸಣ್ಣ ಕತ್ತರಿಯಿಂದ ಒಂದು ಕಣ್ಣಿಯನ್ನು ಕತ್ತರಿಸುತ್ತೇನೆ. ಆ ಕಣ್ಣಿಯನ್ನು ಸಂಜೆ ಹೆಣೆದುಕೊಳ್ಳಬಹುದು.

ಅಲಾಸ್ಕಾದ ಹಿಮ ಏಡಿ ಎಂಬ ಜಾತಿಯ ಮೇಲೆ ಸಂಶೋಧಕರು ಮಾಡಿದ ಅಧ್ಯಯನದಲ್ಲಿ ಕಣ್ಣು ಒಳಗೆಳೆಯುವುದು, ಬಾಯಿ ಮುಚ್ಚುವುದು, ಕೊಂಬು ಬಿಗಿಯುವುದು ಮೊದಲಾದ 6 ಪ್ರತಿಕ್ರಿಯೆಗಳನ್ನು ನೋಡಿ, ಬಿಟ್ಟ ಏಡಿ ಉಳಿಯುವುದೋ ಇಲ್ಲವೋ ಎಂದು ಅಂದಾಜಿಸುತ್ತಾರೆ. ನಾನು ಕಣ್ಣಿನ ತೊಟ್ಟನ್ನು ಮೆಲ್ಲನೆ ಮುಟ್ಟಿ ನೋಡುತ್ತೇನೆ. ಥಟ್ಟನೆ ಮಡಚಿಕೊಂಡರೆ ನನಗೆ ಸಮಾಧಾನ.

ಬಿಡುವಾಗ ದೂರಕ್ಕೆ ಎಸೆಯದೆ ದೋಣಿಯ ಅಂಚಿನಿಂದ ಕೈಯಾರೆ ನೀರಿಗೆ ಇಳಿಸುತ್ತೇನೆ. ಮೊಟ್ಟೆಯ ಗೊಂಚಲು ಹಳದಿಯಿಂದ ಕಪ್ಪಿಗೆ ತಿರುಗಿದ ಹೆಣ್ಣು ಸಿಕ್ಕರೆ ಉಳಿದ ಕೆಲಸವನ್ನೆಲ್ಲ ನಿಲ್ಲಿಸಿ ಅದನ್ನು ಮೊದಲು ಬಿಡುತ್ತೇನೆ, ಏಕೆಂದರೆ ಅದರ ಮರಿಗಳು ಹೊರಬರಲು ಹೆಚ್ಚು ದಿನ ಉಳಿದಿರುವುದಿಲ್ಲ. ಈಗ ಅಂಥದ್ದು ಬಲೆಯಲ್ಲಿ ಕಂಡರೆ ತಮ್ಮನೇ ನನಗಿಂತ ಮೊದಲು ಕತ್ತರಿ ಕೈಗೆತ್ತಿಕೊಳ್ಳುತ್ತಾನೆ.